ಹಲುಬು, ಗಳಹು, ಪ್ರಲಾಪ: ಉದ್ದ ಮಾತಿನ ಪದಗಳ ಮೂಲ ಹುಡುಕಲು ಯಾವ ನಿಘಂಟು ಕೈಹಿಡಿಯುತ್ತದೆ?

ತುದಿಮೊದಲಿಲ್ಲದ ಮಾತಿಗೆ ಕನ್ನಡದಲ್ಲಿ ಹೆಸರುಗಳ ಬರವಿಲ್ಲ. ಹರಟೆ, ಒಣಹರಟೆ, ಕಾಡುಹರಟೆ, ಹಲುಬು, ಗಳಹು, ಬಡಬಡಿಕೆ, ವಟವಟ, ಬೊಗಳೆ, ಕೊರೆತ, ಪ್ರಲಾಪ, ಕರಾವಳಿಯ ಪಟ್ಟಾಂಗ. ಮೇಲ್ನೋಟಕ್ಕೆ ಎಲ್ಲವೂ ಒಂದೇ ಎನಿಸಿದರೂ ಬಳಸುವವರು ಒಂದರ ಜಾಗದಲ್ಲಿ ಇನ್ನೊಂದನ್ನು ಇಡುವುದಿಲ್ಲ. ಹರಟೆಯಲ್ಲಿ ಕೂತವರೆಲ್ಲರಿಗೂ ಸುಖವಿದೆ, ಗುರಿ ಮಾತ್ರ ಇಲ್ಲ. ಹಲುಬುವವನಿಗೆ ಒಳಗೊಂದು ಕೊರಗಿರುತ್ತದೆ, ಅದನ್ನೇ ತಿರುತಿರುಗಿ ಹೇಳುತ್ತಾನೆ. ಗಳಹು ಎನ್ನುವಾಗ ಹೇಳುವವರ ದನಿಯಲ್ಲೇ ಗದರಿಕೆ ಇರುತ್ತದೆ. ಬಡಬಡಿಸುವುದು ಜ್ವರ ನೆತ್ತಿಗೇರಿದಾಗಲೂ ಆಗುತ್ತದೆ, ನಿದ್ದೆಯಲ್ಲೂ ಆಗುತ್ತದೆ. ಬೊಗಳೆಗೆ ಬಡಾಯಿ ಬೆರೆತಿರಬೇಕು. ಕೊರೆತ ಎಂಬ ಮಾತು ಹುಟ್ಟಿದ್ದು ಕೇಳುವವನ ಸಂಕಟದಿಂದ.

ನಿಘಂಟುಗಳನ್ನು ಒರೆಗೆ ಹಚ್ಚಲು ಈ ಪದಗಳ ಗುಂಪು ಬಹಳ ಒಳ್ಳೆಯದು. ಇದರಲ್ಲಿ ಅಚ್ಚಗನ್ನಡದ ಹಳೆಯ ಬೇರುಗಳಿವೆ, ಸಂಸ್ಕೃತದಿಂದ ಬಂದವಿವೆ, ಸದ್ದಿನಿಂದಲೇ ಹುಟ್ಟಿದವಿವೆ, ಬೇರೊಂದು ಕೆಲಸದ ಪದ ಮಾತಿಗೆ ಹೊರಳಿದ್ದೂ ಇದೆ. ಈ ನಾಲ್ಕು ಬಗೆಯನ್ನೂ ಸರಿಯಾಗಿ ಬಿಡಿಸಿ ತೋರಿಸುವ ನಿಘಂಟನ್ನು ಉಳಿದ ಪದಗಳಿಗೂ ನಂಬಬಹುದು. ಈ ವಿಮರ್ಶೆ ಓದುಗ, ಮೇಷ್ಟ್ರು, ಅನುವಾದಕ, ಬರಹಗಾರ ಕೈಗೆತ್ತಿಕೊಳ್ಳುವ ಸಾಧನಗಳದ್ದು: ಅಲರ್, ಕಿಟ್ಟೆಲ್ ನಿಘಂಟು, ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ಕನ್ನಡ ನಿಘಂಟು, ಬರೋ ಮತ್ತು ಎಮಿನೋ ಅವರ ದ್ರಾವಿಡ ವ್ಯುತ್ಪತ್ತಿ ಕೋಶ, ಸಂಸ್ಕೃತಕ್ಕೆ ಅಮರಕೋಶ, ಇಂಗ್ಲಿಷಿಗೆ ಎಟಿಮಾನ್‌ಲೈನ್. ತೀರ್ಪನ್ನು ಮೊದಲೇ ಹೇಳಿಬಿಡಬಹುದು: ಪದದ ಅರ್ಥಕ್ಕೆ ಒಂದು ನಿಘಂಟು ಸಾಕು, ಮೂಲಕ್ಕೆ ಕಡಿಮೆಯೆಂದರೂ ಎರಡು ಬೇಕು, ಅವನ್ನು ಸರಿಯಾದ ಸರದಿಯಲ್ಲಿ ತೆರೆಯಬೇಕು.

ಮೊದಲು ತೆರೆಯಬೇಕಾದ್ದು ಅಲರ್. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ಕನ್ನಡ–ಇಂಗ್ಲಿಷ್ ನಿಘಂಟು ಇದು. 2019ರಲ್ಲಿ ಮುಕ್ತ ಪರವಾನಗಿಯಡಿ ಅಂತರಜಾಲಕ್ಕೆ ಬಂತು. ಒಂದೂವರೆ ಲಕ್ಷ ಪದಗಳಿವೆ, ಜಾಹೀರಾತಿಲ್ಲ, ಕಾಸಿಲ್ಲ. ಕನ್ನಡ ಕೀಲಿಮಣೆ ಇಲ್ಲದಿದ್ದರೂ ಇಂಗ್ಲಿಷ್ ಅಕ್ಷರಗಳಲ್ಲಿ ಉಚ್ಚಾರದಂತೆ ಟೈಪಿಸಿದರೆ ಪದ ಸಿಗುತ್ತದೆ. ಒಂದು ಪದ ಇದೆಯೇ, ನಾಮವೋ ಕ್ರಿಯೆಯೋ, ಎಷ್ಟು ಅರ್ಥಗಳಿವೆ ಎಂಬುದು ಕ್ಷಣದಲ್ಲಿ ಗೊತ್ತಾಗುತ್ತದೆ. ಪದ ಎಲ್ಲಿಂದ ಬಂತು ಎಂದು ಹೇಳುವ ಹೊಣೆಯನ್ನು ಅದು ಹೊತ್ತಿಲ್ಲ, ಆ ನಿರೀಕ್ಷೆ ಇಟ್ಟುಕೊಳ್ಳಬಾರದು. ಬಾಗಿಲಾಗಿ ಅದರಷ್ಟು ಒಳ್ಳೆಯದು ಬೇರೆ ಇಲ್ಲ.

ಒಳಗೆ ಕಾಲಿಟ್ಟ ಮೇಲೆ ಕಿಟ್ಟೆಲ್. ಫರ್ಡಿನೆಂಡ್ ಕಿಟ್ಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂತು. ಸುಮಾರು 70,000 ಪದಗಳು. ಹಳೆಯದು ಎಂದು ಬದಿಗೆ ಸರಿಸುವವರಿದ್ದಾರೆ, ಅದು ತಪ್ಪು. ಒಂದೇ ನಮೂದಿನಲ್ಲಿ ಪದದ ಹಳೆಯ ರೂಪ, ಹೊಸ ರೂಪ, ತಮಿಳು ತೆಲುಗು ಮಲಯಾಳ ತುಳುಗಳಲ್ಲಿ ಅದರ ನಂಟರು, ಸಂಸ್ಕೃತದ್ದಾದರೆ ಅದರ ಗುರುತು, ಜನರ ಬಾಯಲ್ಲಿದ್ದ ಗಾದೆ, ಎಲ್ಲವೂ ಒಟ್ಟಿಗೆ ಸಿಗುವ ಇನ್ನೊಂದು ಕನ್ನಡ ನಿಘಂಟು ಒಂಟಿ ಓದುಗನ ಕೈಗೆ ಇಷ್ಟು ಸುಲಭವಾಗಿ ದಕ್ಕುವುದಿಲ್ಲ. ಮಾತಿಗೆ ಸಂಬಂಧಿಸಿದ ಪದಗಳಲ್ಲಿ ಗಾದೆಗಳು ಮುಖ್ಯ, ಏಕೆಂದರೆ ಬಯ್ಯಲು ಬಳಸುವ ಪದ ಯಾವುದು, ಮುದ್ದಿಗೆ ಬಳಸುವುದು ಯಾವುದು ಎಂಬ ವ್ಯತ್ಯಾಸ ಗಾದೆಯಲ್ಲಿ ಕಾಣುವಷ್ಟು ಅರ್ಥವಿವರಣೆಯಲ್ಲಿ ಕಾಣುವುದಿಲ್ಲ. ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿ ಮದರಾಸು ವಿಶ್ವವಿದ್ಯಾನಿಲಯ ಪ್ರಕಟಿಸಿದ 4 ಸಂಪುಟಗಳ ಆವೃತ್ತಿಯೂ ಇದೆ. ಗ್ರಂಥಾಲಯದಲ್ಲಿ ಎರಡೂ ಇದ್ದರೆ ಪರಿಷ್ಕೃತವನ್ನೇ ತೆಗೆಯಿರಿ.

ಕಿಟ್ಟೆಲ್‌ನಲ್ಲಿ ಹುಡುಕಿ ಸಿಗಲಿಲ್ಲ ಎನ್ನುವವರಲ್ಲಿ ಹೆಚ್ಚಿನವರು ಸೋಲುವುದು ಪದದ ಇಂದಿನ ರೂಪವನ್ನೇ ಹಿಡಿದು ಕೂತಿದ್ದರಿಂದ. ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇದು ಬಂದರೆ ಮುಂದಿನ ಎಲ್ಲ ನಿಘಂಟುಗಳೂ ಸಲೀಸು.

ಮೊದಲ ಕೆಲಸ, ನಾಮಪದದ ಬಾಲವನ್ನು ಕಳಚಿ ಕ್ರಿಯೆಗೆ ಇಳಿಯುವುದು. ಹರಟೆಯ ಹಿಂದೆ ಹರಟು ಇದೆ, ಬೊಗಳೆಯ ಹಿಂದೆ ಬೊಗಳು, ಕೊರೆತದ ಹಿಂದೆ ಕೊರೆ, ಬಡಬಡಿಕೆಯ ಹಿಂದೆ ಬಡಬಡಿಸು. ಕನ್ನಡ ನಿಘಂಟುಗಳು ಕ್ರಿಯೆಯನ್ನು ಧಾತುರೂಪದಲ್ಲೇ ಕೊಡುತ್ತವೆ, ಹಲುಬುವುದು ಎಂದು ಹುಡುಕಿದರೆ ಸಿಗದು, ಹಲುಬು ಎಂದೇ ನೋಡಬೇಕು. ಎರಡನೆಯದು, ಮೊದಲಕ್ಷರ ಹ ಆಗಿದ್ದರೆ ಅದನ್ನು ಪ ಮಾಡಿ ಇನ್ನೊಮ್ಮೆ ನೋಡುವುದು. ಪಾಲ್ ಹಾಲಾದಂತೆ, ಪುಲಿ ಹುಲಿಯಾದಂತೆ, ಪೋಗು ಹೋಗು ಆದಂತೆ, ಹಳಗನ್ನಡದ ಪಕಾರ ನಡುಗನ್ನಡಕ್ಕೆ ಬರುವಷ್ಟರಲ್ಲಿ ಹಕಾರವಾಯಿತು. ಪದದ ನಡುವಿನಲ್ಲೂ ಇದು ನಡೆದಿದೆ: ಹಳಗನ್ನಡದ ಗೞಪು ಮುಂದೆ ಗಳಹು ಆಯಿತು. ಇಲ್ಲಿ ಎರಡು ಬದಲಾವಣೆ ಒಟ್ಟಿಗೆ ಕಾಣುತ್ತವೆ, ಪ ಹೋಗಿ ಹ ಬಂದಿದೆ, ೞ ಹೋಗಿ ಳ ಬಂದಿದೆ. ಆದ್ದರಿಂದ ಮೂರನೆಯ ಕೆಲಸ, ಳ ಇದ್ದ ಕಡೆ ಹಳಗನ್ನಡದ ೞ ಇಟ್ಟು, ರ ಇದ್ದ ಕಡೆ ಹಳಗನ್ನಡದ ಱ ಇಟ್ಟು ನೋಡುವುದು. ಏಳು ಒಮ್ಮೆ ಏೞು ಆಗಿತ್ತು, ಕೋಳಿ ಕೋೞಿಯಾಗಿತ್ತು, ಆರು ಆಱು ಆಗಿತ್ತು. ನಾಲ್ಕನೆಯದು ಬಹುಮಂದಿ ಮರೆಯುವಂಥದ್ದು: ನಡುವೆ ಸೊನ್ನೆ ಬಿದ್ದುಹೋಗಿರಬಹುದು. ದಾಂಟು ದಾಟು ಆಗಿದೆ, ಕಲಂಕು ಕಲಕು ಆಗಿದೆ. ಹಾಗೆಯೇ ಪಲುಂಬು ಹಲುಬು ಆಗಿದೆ.

ಹಲುಬನ್ನು ಈ ದಾರಿಯಲ್ಲಿ ಹಿಂದಕ್ಕೆ ಒಯ್ದರೆ ಏನಾಗುತ್ತದೆ ನೋಡಿ. ಹ ತೆಗೆದು ಪ, ಬಕಾರದ ಹಿಂದೆ ಸೊನ್ನೆ; ಪಲುಂಬು. ಈ ರೂಪ ಕೈಗೆ ಬಂದ ಕೂಡಲೇ ತಮಿಳಿನ ಪುಲಂಬು ಕಣ್ಣಿಗೆ ಬೀಳುತ್ತದೆ. ತಮಿಳಿನಲ್ಲಿ ಅದಕ್ಕೆ ಗೋಳಿಡು, ಅಳಲಿನಿಂದ ಅಸಂಬದ್ಧವಾಗಿ ಮಾತಾಡು ಎಂಬ ಅರ್ಥ ಇಂದಿಗೂ ಇದೆ. ಕನ್ನಡದಲ್ಲೂ ಹಲುಬಿನ ಹಳೆಯ ಅರ್ಥದಲ್ಲಿ ಅಳಲು ಇತ್ತು, ದೇವರಿಗಾಗಿ ಹಲುಬಿದ ಭಕ್ತರು ನಮ್ಮ ಸಾಹಿತ್ಯದ ತುಂಬ ಇದ್ದಾರೆ. ಅಳಲು ತಗ್ಗಿ, ಹೇಳಿದ್ದನ್ನೇ ಹೇಳುವುದು ಮಾತ್ರ ಉಳಿದು, ಇಂದು ಮನೆಯಲ್ಲಿ "ಸುಮ್ಮನೆ ಯಾಕೆ ಹಲುಬ್ತೀಯ" ಎನ್ನುವ ಹಂತಕ್ಕೆ ಪದ ಬಂದಿದೆ. ಇಂದಿನ ಬಳಕೆಯಲ್ಲೂ ಒಂದು ಎಳೆ ದುಃಖ ಉಳಿದಿರುವುದಕ್ಕೆ ಕಾರಣ ಈ ಚರಿತ್ರೆ. ಖುಷಿಯಾಗಿ ಹರಟುವವನನ್ನು ಯಾರೂ ಹಲುಬುತ್ತಿದ್ದಾನೆ ಎನ್ನುವುದಿಲ್ಲ.

ಈ ಸೂತ್ರಗಳು ಎಲ್ಲಿ ಕೈಕೊಡುತ್ತವೆ ಎಂಬುದೂ ಗೊತ್ತಿರಲಿ. ಹಕಾರದಿಂದ ಆರಂಭವಾಗುವ ಪದಗಳೆಲ್ಲ ಪಕಾರದಿಂದ ಬಂದವಲ್ಲ. ಹಿತ, ಹರಿ ಸಂಸ್ಕೃತದವು. ಹಕ್ಕು, ಹಾಜರು ಅರಬ್ಬಿ ಮೂಲದವು. ಅವುಗಳಿಗೆ ಪಕಾರ ಹಚ್ಚಿ ಹುಡುಕುವುದು ವ್ಯರ್ಥ. ಇನ್ನೊಂದು ಎಡವಟ್ಟು, ಸದ್ದು ಹೋಲುತ್ತದೆಂದು ನಂಟು ಕಟ್ಟುವುದು. ಪಲುಂಬು, ಪ್ರಲಾಪ ಎರಡನ್ನೂ ಒಟ್ಟಿಗೆ ಉಚ್ಚರಿಸಿದರೆ ಒಂದರಿಂದ ಇನ್ನೊಂದು ಬಂದಿರಬೇಕು ಎನಿಸುತ್ತದೆ. ಪ್ರಲಾಪವನ್ನು ಬಿಡಿಸಿದರೆ ಪ್ರ ಎಂಬ ಉಪಸರ್ಗ, ಲಪ್ ಎಂಬ ಧಾತು ಸಿಗುತ್ತವೆ. ಪಲುಂಬುವಿನಲ್ಲಿ ಇಂಥ ಕೀಲು ಇಲ್ಲ, ಸೊನ್ನೆ ಇದೆ, ಸೋದರ ಭಾಷೆಯಲ್ಲಿ ಸೊನ್ನೆಯ ಸಮೇತ ಜೋಡಿ ಇದೆ. ರೂಪವನ್ನು ಕೀಲುಕೀಲಾಗಿ ಬಿಡಿಸಿ ತಾಳೆ ನೋಡದೆ ಕಿವಿಯ ತೀರ್ಪನ್ನು ಒಪ್ಪಬಾರದು.

ಟೈಪಿಂಗ್ ತೊಂದರೆಯನ್ನೂ ಇಲ್ಲೇ ಹೇಳುವುದು ಸರಿ. ೞ, ಱ ಎರಡೂ ಯೂನಿಕೋಡಿನಲ್ಲಿವೆ, ಆದರೆ ಹಲವು ಮೊಬೈಲ್ ಕೀಲಿಮಣೆಗಳಲ್ಲಿ ಕಾಣುವುದಿಲ್ಲ. ೞ ಅಕ್ಷರಕ್ಕೆ ಯೂನಿಕೋಡ್ ಪಟ್ಟಿಯಲ್ಲಿ ತಪ್ಪಾಗಿ "ಫಾ" ಎಂಬ ಹೆಸರು ಬಿದ್ದಿದೆ, ಒಮ್ಮೆ ಇಟ್ಟ ಹೆಸರನ್ನು ಬದಲಿಸುವ ರೂಢಿ ಅಲ್ಲಿಲ್ಲವಾದ್ದರಿಂದ ಹಾಗೇ ಉಳಿದಿದೆ. ಹೆಸರಿನಿಂದ ಹುಡುಕಿದವರಿಗೆ ಸಿಗದಿರುವುದು ಇದಕ್ಕೇ. 0CDE ಎಂಬ ಸಂಖ್ಯೆಯಿಂದ ಹುಡುಕಿ, ಸಿಕ್ಕ ಅಕ್ಷರವನ್ನು ಫೋನಿನ ಟಿಪ್ಪಣಿಯಲ್ಲಿ ಇಟ್ಟುಕೊಂಡು ಅಂಟಿಸುವುದು ಸುಲಭದ ದಾರಿ.

ಕಿಟ್ಟೆಲ್ ನಿಘಂಟಿನ ಕೊರತೆಗಳು ಮೂರು. ಅರ್ಥಗಳು ಇಂಗ್ಲಿಷಿನಲ್ಲಿವೆ, ಅದೂ 19ನೆಯ ಶತಮಾನದ ಇಂಗ್ಲಿಷಿನಲ್ಲಿ. ನಮಗೆ ಗದರಿಕೆ ಎಂದು ಗೊತ್ತಿರುವ ಪದ ಅಲ್ಲಿ ಸಪ್ಪೆಯಾಗಿ ಕಾಣಬಹುದು. ಎರಡನೆಯದಾಗಿ, ಸೋದರ ಪದಗಳನ್ನು ಅವರು ಕೊಟ್ಟಿದ್ದು ಆ ಕಾಲಕ್ಕೆ ಸಿಕ್ಕ ಸಾಮಗ್ರಿಯಿಂದ, ಮುಂದಿನ ಶತಮಾನದ ಕೆಲಸ ಹಲವು ಕಡೆ ಅದನ್ನು ತಿದ್ದಿದೆ. ಮೂರನೆಯದು ದೊಡ್ಡದು: ಪದ ಯಾವ ಕಾಲದಲ್ಲಿ ಯಾವ ಅರ್ಥದಲ್ಲಿ ನಡೆದಿತ್ತು ಎಂಬುದಕ್ಕೆ ಬೇಕಾದಷ್ಟು ಉದ್ಧರಣೆಗಳು ಅಲ್ಲಿಲ್ಲ.

ಆ ಜಾಗ ತುಂಬುವುದು ಪರಿಷತ್ತಿನ ಕನ್ನಡ ನಿಘಂಟು. ಮೊದಲ ಸಂಪುಟ 1970ರಲ್ಲಿ, 8ನೆಯದು 1995ರಲ್ಲಿ. ಪ್ರೊ. ಜಿ. ವೆಂಕಟಸುಬ್ಬಯ್ಯನವರಂಥ ಹಿರಿಯರು ಮುನ್ನಡೆಸಿದ ಕೆಲಸ. ಕನ್ನಡದಿಂದ ಕನ್ನಡಕ್ಕೆ ಇರುವ ನಿಘಂಟುಗಳಲ್ಲಿ ಇದಕ್ಕೆ ಸಾಟಿ ಇಲ್ಲ. ಇದರ ಬೆಲೆ ಇರುವುದು ಪ್ರಯೋಗಗಳಲ್ಲಿ. ಪ್ರತಿ ಅರ್ಥದ ಕೆಳಗೆ ಶಾಸನ, ಕಾವ್ಯ, ವಚನ, ಕೀರ್ತನೆಗಳಿಂದ ಸಾಲುಗಳಿರುತ್ತವೆ, ಸಾಲಿನ ಕೊನೆಗೆ ಕೃತಿಯ ಸಂಕ್ಷೇಪ ಮತ್ತು ಆಶ್ವಾಸ, ಪದ್ಯದ ಸಂಖ್ಯೆ. ಅನೇಕರು ಅರ್ಥ ಓದಿ ಪುಟ ಮಗುಚುತ್ತಾರೆ. ಮೂಲ ಹುಡುಕುವವರು ಮಾಡಬೇಕಾದ್ದು ಬೇರೆ. ಸಂಕ್ಷೇಪಗಳ ಪಟ್ಟಿಯನ್ನು ಪಕ್ಕದಲ್ಲಿ ತೆರೆದಿಟ್ಟು, ಪ್ರತಿ ಸಾಲಿನ ಎದುರು ಆ ಕೃತಿಯ ಕಾಲವನ್ನು ಪೆನ್ಸಿಲಿನಲ್ಲಿ ಬರೆದುಕೊಳ್ಳಬೇಕು. ಪಂಪನ ಕಾಲ 10ನೆಯ ಶತಮಾನ, ವಚನಗಳದ್ದು 12, ಕುಮಾರವ್ಯಾಸನದ್ದು 15, ಪುರಂದರದಾಸರದ್ದು 16. ಹಾಗೆ ಜೋಡಿಸಿದಾಗ ಗೞಪು ಎಲ್ಲಿ ನಿಂತು ಗಳಹು ಎಲ್ಲಿ ಶುರುವಾಗುತ್ತದೆ, ಅಳುವಿನ ಅರ್ಥ ಎಲ್ಲಿ ತೆಳುವಾಗುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ.

ಒಂದು ಎಚ್ಚರಿಕೆ. ಹಳೆಯ ರೂಪ, ಹೊಸ ರೂಪ ಬೇರೆ ಬೇರೆ ನಮೂದುಗಳಾಗಿರುತ್ತವೆ, ಬೇರೆ ಬೇರೆ ಸಂಪುಟಗಳಲ್ಲೂ ಇರುತ್ತವೆ. ಹಕಾರಾದಿ ಪದಗಳೆಲ್ಲ ಕೊನೆಯ ಸಂಪುಟಕ್ಕೆ ಸೇರಿವೆ, ಪಕಾರಾದಿ ಅದಕ್ಕಿಂತ ಮುಂಚೆಯೇ ಮುಗಿದಿರುತ್ತವೆ. ಹಲುಬು ನೋಡಿ ನಿಲ್ಲಿಸಿದವರಿಗೆ ಸಿಗುವುದು ಅರ್ಧ ಚರಿತ್ರೆ. ನಿಘಂಟಿನಲ್ಲಿ ಸಿಕ್ಕ ಅತಿ ಹಳೆಯ ಸಾಲು ಪದದ ಹುಟ್ಟಿದ ದಿನ ಎಂದು ತಿಳಿಯುವುದೂ ಸಲ್ಲದು. ಹರಟೆ, ಗಳಹು, ವಟವಟಗಳಂಥವು ಬಾಯಿಮಾತಿನ ಪದಗಳು, ಕಾವ್ಯದೊಳಗೆ ಬರುವ ಎಷ್ಟೋ ಮೊದಲೇ ಅಡುಗೆಮನೆ ಜಗಲಿಗಳಲ್ಲಿ ಓಡಾಡಿರುತ್ತವೆ. ಬರಹ ಕೊಡುವುದು "ಇಷ್ಟರೊಳಗೆ ಇತ್ತು" ಎಂಬ ಸಾಕ್ಷಿ ಮಾತ್ರ.

ಪರಿಷತ್ತಿನದೇ ಸಂಕ್ಷಿಪ್ತ ಕನ್ನಡ ನಿಘಂಟು ಮನೆಗೆ, ಶಾಲೆಗೆ ಒಳ್ಳೆಯದು. ಅದರಲ್ಲಿ ಪ್ರಯೋಗಗಳ ಸಾಲುಗಳಿಲ್ಲವಾದ್ದರಿಂದ ಮೂಲದ ಕೆಲಸಕ್ಕೆ ಒದಗುವುದಿಲ್ಲ. ಅಂಗಡಿಯಲ್ಲಿ ಸಿಗುವ ಸಣ್ಣ ಜೇಬು ನಿಘಂಟುಗಳನ್ನು ಈ ವಿಷಯಕ್ಕೆ ಮುಟ್ಟುವುದೇ ಬೇಡ. ಒಂದು ಪದಕ್ಕೆ ಇನ್ನೊಂದನ್ನು, ಇನ್ನೊಂದಕ್ಕೆ ಮೊದಲಿನದನ್ನು ಅರ್ಥವಾಗಿ ಕೊಟ್ಟು ಓದುಗನನ್ನು ಸುತ್ತಿಸುವುದು ಅವುಗಳ ಹಳೆಯ ರೋಗ.

ಇನ್ನು ದ್ರಾವಿಡ ವ್ಯುತ್ಪತ್ತಿ ಕೋಶ. ಟಿ. ಬರೋ ಮತ್ತು ಎಂ. ಬಿ. ಎಮಿನೋ 1961ರಲ್ಲಿ ಪ್ರಕಟಿಸಿ 1984ರಲ್ಲಿ ಪರಿಷ್ಕರಿಸಿದ ಈ ಗ್ರಂಥದಲ್ಲಿ ಐದೂವರೆ ಸಾವಿರ ನಮೂದುಗಳಿವೆ. ಒಂದೊಂದು ನಮೂದೂ ಒಂದು ಕುಟುಂಬ: ತಮಿಳು, ಮಲಯಾಳ, ಕೋತ, ತೊದ, ಕನ್ನಡ, ಕೊಡವ, ತುಳು, ತೆಲುಗು, ಗೋಂಡಿ, ಕುಡುಖ್, ಬ್ರಾಹುಈವರೆಗೆ. ಷಿಕಾಗೋ ವಿಶ್ವವಿದ್ಯಾನಿಲಯದ ದಕ್ಷಿಣ ಏಷ್ಯಾ ಡಿಜಿಟಲ್ ಗ್ರಂಥಾಲಯದಲ್ಲಿ ಉಚಿತವಾಗಿ ತೆರೆದಿದೆ. ಕನ್ನಡ ಲಿಪಿ ಇಲ್ಲ, ಎಲ್ಲವೂ ಚುಕ್ಕೆ ಗೆರೆ ಹಚ್ಚಿದ ರೋಮನ್ ಅಕ್ಷರಗಳಲ್ಲಿ. ಕನ್ನಡಿಗರು ಇದನ್ನು ತೆರೆದು ಕೂಡಲೇ ಮುಚ್ಚಲು ಇದೇ ಕಾರಣ. ಅದಕ್ಕೆ ಸುಲಭ ಉಪಾಯವಿದೆ. ಪದವನ್ನು ಬಿಟ್ಟು ಅರ್ಥವನ್ನು ಹುಡುಕಿ. ಇಂಗ್ಲಿಷಿನ ಪ್ರಾಟಲ್, ಬ್ಯಾಬಲ್, ಚ್ಯಾಟರ್, ಲಮೆಂಟ್ ಎಂಬ ನಾಲ್ಕು ಪದಗಳನ್ನು ಒಂದೊಂದಾಗಿ ಪೂರ್ಣಪಠ್ಯ ಹುಡುಕಾಟಕ್ಕೆ ಕೊಟ್ಟು, ಬಂದ ನಮೂದುಗಳಲ್ಲಿ ಕನ್ನಡದ ಸಂಕ್ಷೇಪದ ಮುಂದೆ ಏನಿದೆ ಎಂದು ಕಣ್ಣಾಡಿಸಿದರೆ ಮಾತಿನ ಪದಗಳ ಬಹುಪಾಲು ಕೈಗೆ ಸಿಗುತ್ತವೆ. ಜೊತೆಗೆ, ಬಯಸದೇ ಸಿಗುವ ಲಾಭವೊಂದಿದೆ. ಇಡೀ ದ್ರಾವಿಡ ನುಡಿಗಳಲ್ಲಿ ವಟವಟಕ್ಕೆ ಯಾರು ಏನೆನ್ನುತ್ತಾರೆ ಎಂಬುದು ಒಂದೇ ಸಂಜೆಯಲ್ಲಿ ತಿಳಿಯುತ್ತದೆ.

ಮುದ್ರಿತ ಪ್ರತಿಯಲ್ಲಿ ಹುಡುಕುವವರು ಎರಡು ಸಂಗತಿ ನೆನಪಿಡಬೇಕು. ನಮೂದುಗಳ ಸರದಿ ತಮಿಳಿನ ಅಕ್ಷರಮಾಲೆಯಂತೆ ಇದೆ, ಗ ಕಾರಾದಿಗಳು ಕ ಕಾರದೊಳಗೆ, ಬ ಕಾರಾದಿಗಳು ಪ ಕಾರದೊಳಗೆ ಸೇರಿಕೊಂಡಿರುತ್ತವೆ. ಗೞಪುವನ್ನು ಗಕಾರದಲ್ಲಿ ಹುಡುಕಿ ನಿರಾಶರಾಗಬೇಡಿ. ಗ್ರಂಥದ ಕೊನೆಯಲ್ಲಿ ಪ್ರತಿ ಭಾಷೆಗೂ ಸೂಚಿ ಇದೆ, ಅಲ್ಲಿಂದ ಹೊರಡುವುದೇ ಜಾಣತನ. ಇನ್ನೊಂದು, ಕ್ರಿಯಾಪದಗಳ ಬಾಲ ಭಾಷೆಯಿಂದ ಭಾಷೆಗೆ ಬೇರೆ: ತುಳುವಿನಲ್ಲಿ ‑ಉನಿ, ಮಲಯಾಳದಲ್ಲಿ ‑ಉಕ. ಅದನ್ನು ಕಳೆದು ಉಳಿದದ್ದನ್ನು ಹೋಲಿಸಬೇಕು. ಈ ಕೋಶ ಪದ ಯಾವಾಗ ಹುಟ್ಟಿತು ಎನ್ನುವುದಿಲ್ಲ, ಮೂಲ ದ್ರಾವಿಡ ರೂಪವನ್ನೂ ಕಟ್ಟಿಕೊಡುವುದಿಲ್ಲ. ನಂಟರನ್ನು ಒಂದೆಡೆ ಕೂರಿಸಿ ಬಿಡುತ್ತದೆ, ಉಳಿದದ್ದು ಓದುಗನ ಕೆಲಸ.

ಸಂಸ್ಕೃತದಿಂದ ಬಂದ ಪದಗಳಿಗೆ ಅಮರಕೋಶದಷ್ಟು ಚೊಕ್ಕ ಸಾಧನ ಇನ್ನೊಂದಿಲ್ಲ. ಕನ್ನಡ ಲಿಪಿಯಲ್ಲಿ, ಕನ್ನಡ ಅರ್ಥ ಸಹಿತ ಸಿಗುತ್ತದೆ. ಕನ್ನಡದಲ್ಲಿ ನಾಚಿರಾಜನಂಥ ಹಳೆಯ ಟೀಕಾಕಾರರಿದ್ದಾರೆ. ಮೊದಲ ಕಾಂಡದ ಶಬ್ದಾದಿವರ್ಗದಲ್ಲಿ ಲಪ್ ಧಾತುವಿನ ಇಡೀ ಸಂಸಾರ ಮೂರು ನಾಲ್ಕು ಸಾಲುಗಳಲ್ಲಿ ನಿಂತಿದೆ. ಆಲಾಪವೆಂದರೆ ಮಾತಾಡಿಸುವುದು. "ಪ್ರಲಾಪೋಽನರ್ಥಕಂ ವಚಃ", ಪ್ರಲಾಪವೆಂದರೆ ಅರ್ಥವಿಲ್ಲದ ಮಾತು. ಅನುಲಾಪವೆಂದರೆ ಮತ್ತೆ ಮತ್ತೆ ಹೇಳುವುದು, ವಿಲಾಪ ಗೋಳಾಟ, ವಿಪ್ರಲಾಪ ಒಂದಕ್ಕೊಂದು ವಿರುದ್ಧವಾದ ಮಾತು, ಸಂಲಾಪ ಪರಸ್ಪರ ಸಂಭಾಷಣೆ, ಅಪಲಾಪ ಇದ್ದದ್ದನ್ನು ಮುಚ್ಚಿಡುವುದು. ಧಾತು ಒಂದೇ, ಉಪಸರ್ಗ ಬದಲಾದಂತೆ ಮಾತಿನ ಗುಣ ಬದಲಾಗುತ್ತದೆ. ಇಂದಿನ ಪತ್ರಿಕೆಗಳಲ್ಲಿ ಪ್ರಲಾಪ, ವಿಲಾಪ ಎರಡನ್ನೂ ಅಳುವ ಅರ್ಥದಲ್ಲಿ ಬಳಸುವುದುಂಟು. ಅಮರನ ಪಟ್ಟಿಯನ್ನು ಒಮ್ಮೆ ಬಾಯಿಪಾಠ ಮಾಡಿದವರ ಕೈ ಆ ಕಡೆ ಹೋಗುವುದಿಲ್ಲ.

ಇದೇ ಅಮರಕೋಶದ ಮೂರನೆಯ ಕಾಂಡದಲ್ಲಿ ಮಾತಾಡುವವರ ಪಟ್ಟಿಯಿದೆ. ಚೆನ್ನಾಗಿ ಮಾತಾಡುವವನು ವಾಗ್ಮಿ, ಅತಿಯಾಗಿ ಮಾತಾಡುವವನು ವಾವದೂಕ, ಹೀನವಾಗಿ ಬಹಳ ಮಾತಾಡುವವನು ಜಲ್ಪಾಕ, ವಾಚಾಲ, ವಾಚಾಟ. ನಮ್ಮ ವಾಚಾಳಿ ಬಂದದ್ದು ಈ ವಾಚಾಲದಿಂದ. ವಾಗ್ಮಿ, ವಾಚಾಳಿ ಎರಡಕ್ಕೂ ಬೇರು ವಾಚ್ ಒಂದೇ. ಒಂದು ಹೊಗಳಿಕೆ, ಇನ್ನೊಂದು ಬೈಗುಳ ಆದದ್ದು ಪ್ರತ್ಯಯದಿಂದ. ಪಾಣಿನಿ ಮೊದಲನೆಯದಕ್ಕೆ ಒಂದು ಸೂತ್ರ ಮಾಡಿ, ಮರುಸೂತ್ರದಲ್ಲೇ ಬಹಳ ಮಾತಾಡುವವನಿಗೆ ಬೇರೆ ಪ್ರತ್ಯಯಗಳನ್ನು ವಿಧಿಸುತ್ತಾನೆ. ಎರಡನೆಯದು ನಿಂದೆಗೆ ಮಾತ್ರ ಎಂದು ಆ ಸೂತ್ರದ ಮೇಲಿನ ಟಿಪ್ಪಣಿಯಾದ ವಾರ್ತಿಕ ಸ್ಪಷ್ಟಪಡಿಸುತ್ತದೆ. ಸನ್ಮಾನಪತ್ರದಲ್ಲಿ ಅತಿಥಿಗಳನ್ನು ವಾಚಾಳಿ ಎಂದು ಬರೆಯಬಾರದೇಕೆ ಎಂಬುದಕ್ಕೆ ಎರಡು ಸಾವಿರ ವರ್ಷ ದಾಟಿದ ಆಧಾರವಿದೆ.

ಅಸಂಬದ್ಧ ಮಾತನ್ನು ನಮ್ಮ ಶಾಸ್ತ್ರಕಾರರು ಬಗೆಬಗೆಯಾಗಿ ವಿಂಗಡಿಸಿದ್ದನ್ನು ನಿಘಂಟುಕಾರರು ಇನ್ನೂ ಬಳಸಿಕೊಳ್ಳಬೇಕಿತ್ತು. ತರ್ಕಶಾಸ್ತ್ರದ ಗ್ರಂಥವಾದ ನ್ಯಾಯಸೂತ್ರ ವಾದದಲ್ಲಿ ಸೋಲಿನ ಜಾಗಗಳನ್ನು ಎಣಿಸುವಾಗ, ಹಿಡಿದ ವಿಷಯ ಬಿಟ್ಟು ಬೇರೆಡೆಗೆ ಹೋಗುವುದನ್ನು ಅರ್ಥಾಂತರ ಎನ್ನುತ್ತದೆ, ಹೇಳಿದ್ದನ್ನೇ ಹೇಳುವುದನ್ನು ಪುನರುಕ್ತ ಎನ್ನುತ್ತದೆ, ಹಿಂದು ಮುಂದಿನ ಸಂಬಂಧವೇ ಇಲ್ಲದ್ದನ್ನು ಅಪಾರ್ಥಕ ಎನ್ನುತ್ತದೆ. ಕೊನೆಯದಕ್ಕೆ ಹಳೆಯ ಉದಾಹರಣೆ ಪತಂಜಲಿಯ ವ್ಯಾಕರಣಗ್ರಂಥ ಮಹಾಭಾಷ್ಯದಲ್ಲೇ ಇದೆ: "ದಶ ದಾಡಿಮಾನಿ, ಷಡಪೂಪಾಃ, ಕುಂಡಮ್, ಅಜಾಜಿನಮ್." ಹತ್ತು ದಾಳಿಂಬೆ, ಆರು ಅಪ್ಪ, ಒಂದು ಕುಂಡ, ಆಡಿನ ಚರ್ಮ. ಪದ ಪದಕ್ಕೂ ಅರ್ಥವಿದೆ, ಒಟ್ಟಿಗೆ ಏನೂ ಇಲ್ಲ. ಅರ್ಥಾಂತರ, ಪುನರುಕ್ತ, ಅಪಾರ್ಥಕ ಎಂಬ ಈ ಮೂರು ಗೆರೆ ಎಳೆದುಕೊಂಡು ಹರಟೆ, ಹಲುಬು, ಬಡಬಡಿಕೆಗಳ ಅರ್ಥ ಬರೆದರೆ ಪ್ರತಿಯೊಂದೂ ಬೇರೆಯಾಗಿ ನಿಲ್ಲುತ್ತದೆ. ಎಲ್ಲಕ್ಕೂ "ಅರ್ಥವಿಲ್ಲದ ಮಾತು" ಎಂದು ಬರೆದು ಮುಗಿಸುವುದು ಓದುಗನಿಗೆ ಮಾಡುವ ಅನ್ಯಾಯ.

ಹೋಲಿಕೆಗೆ ಇಂಗ್ಲಿಷಿನ ಒಂದು ಸಾಧನ ನೋಡುವುದು ಉಪಯುಕ್ತ. ಅಮೆರಿಕದ ಡಗ್ಲಸ್ ಹಾರ್ಪರ್ ಕಟ್ಟಿದ ಎಟಿಮಾನ್‌ಲೈನ್ ಉಚಿತ ಜಾಲತಾಣ. ರಿಗ್ಮರೋಲ್ ಎಂಬ ಪದವನ್ನು ಅಲ್ಲಿ ಹುಡುಕಿ. ಉದ್ದುದ್ದ, ತಲೆಬುಡವಿಲ್ಲದ ಮಾತು ಎಂದು ಅದರ ಅರ್ಥ. ಬರಹದಲ್ಲಿ 1736ಕ್ಕೆ ಕಾಣುತ್ತದೆ, ಕೆಂಟ್ ಪ್ರಾಂತದ ಆಡುಮಾತಾಗಿ. ಅದರ ಹಿಂದೆ ರ‍್ಯಾಗ್‌ಮನ್ ರೋಲ್, ಎಂದರೆ ಉದ್ದನೆಯ ಪಟ್ಟಿ, ಸುರುಳಿ. ಅದಕ್ಕೂ ಹಿಂದೆ ಮಧ್ಯಯುಗದ ಒಂದು ಆಟ: ಬಗೆಬಗೆಯ ಜನರ ಗುಣ ವರ್ಣಿಸುವ ಪದ್ಯಗಳನ್ನು ಸುರುಳಿಯಲ್ಲಿ ಬರೆದು ದಾರಗಳನ್ನು ಇಳಿಬಿಡುತ್ತಿದ್ದರು, ಯಾರ ಕೈಗೆ ಯಾವ ದಾರವೋ ಆ ಪದ್ಯ ಅವರದು. ಒಬ್ಬರಿಂದ ಇನ್ನೊಬ್ಬರಿಗೆ ಸಂಬಂಧವಿಲ್ಲದ ಪದ್ಯಗಳ ಆ ಸುರುಳಿಯೇ ಮುಂದೆ ಸಂಬಂಧವಿಲ್ಲದ ಮಾತಿಗೆ ಹೆಸರು ಕೊಟ್ಟಿತು ಎಂಬುದು ಒಪ್ಪಿತವಾದ ವಿವರಣೆ.

ಜನಪ್ರಿಯ ಬರಹಗಳಲ್ಲಿ ಈ ಕತೆ ಕೆಡುವ ಜಾಗ ಗೊತ್ತಿರಬೇಕು. ಇಂಗ್ಲೆಂಡಿನ ದೊರೆ ಒಂದನೆಯ ಎಡ್ವರ್ಡ್ 1296ರಲ್ಲಿ ಸ್ಕಾಟ್‌ಲೆಂಡಿನ ಕುಲೀನರಿಂದ ನಿಷ್ಠೆಯ ಪ್ರಮಾಣ ಬರೆಸಿಕೊಂಡ ದಾಖಲೆಗೂ ರ‍್ಯಾಗ್‌ಮನ್ ರೋಲ್ ಎಂದೇ ಹೆಸರು. ಸುಮಾರು 2000 ಹೆಸರುಗಳ ಉದ್ದ ಪಟ್ಟಿ ಅದು. ಕತೆ ಚೆನ್ನಾಗಿರುವುದರಿಂದ ಪದ ನೇರವಾಗಿ ಅಲ್ಲಿಂದಲೇ ಹುಟ್ಟಿತು ಎಂದು ಬರೆಯುತ್ತಾರೆ. ಆದರೆ 1276ರ ಇಂಗ್ಲೆಂಡಿನ ಕಾಯಿದೆಯೊಂದಕ್ಕೆ ಆಗಲೇ ರ‍್ಯಾಗ್‌ಮನ್ ಎಂಬ ಹೆಸರಿತ್ತು. ಪದ ಸ್ಕಾಟ್‌ಲೆಂಡಿನ ಪಟ್ಟಿಗಿಂತ ಹಳೆಯದು. ಎಟಿಮಾನ್‌ಲೈನಿನ ಗುಣ ಇರುವುದು ಇಂಥ ಕಡೆ "ಬಹುಶಃ", "ಇರಬಹುದು" ಎಂಬ ಮಾತುಗಳನ್ನು ಉಳಿಸಿಕೊಳ್ಳುವುದರಲ್ಲಿ. ನಕಲು ಮಾಡುವವರು ಮೊದಲು ಅಳಿಸುವುದೇ ಆ ಮಾತುಗಳನ್ನು. ಕನ್ನಡಕ್ಕೆ ಹೀಗೆ ಒಂದು ಪದಕ್ಕೆ ಒಂದು ಪ್ಯಾರಾ, ಕಾಲ ಸಹಿತ, ಅನುಮಾನ ಸಹಿತ ಕೊಡುವ ತಾಣ ಬಹಳ ಬೇಕಾಗಿದೆ. ಸಾಮಗ್ರಿ ಮೇಲೆ ಹೇಳಿದ ಗ್ರಂಥಗಳಲ್ಲೇ ಇದೆ, ಜೋಡಿಸುವ ಕೈಗಳು ಬೇಕು.

ಸದ್ದಿನಿಂದ ಹುಟ್ಟಿದ ಪದಗಳಿಗೆ ದೂರದ ಬೇರು ಹುಡುಕುವುದು ಬೇಡ. ಬಡಬಡ, ವಟವಟ, ಪಟಪಟ ಕಿವಿಗೆ ಬಿದ್ದದ್ದೇ ಮೂಲ. ವಟಗುಟ್ಟು, ಪಿಸುಗುಟ್ಟು, ಲೊಚಗುಟ್ಟುಗಳಲ್ಲಿ ಇರುವ ‑ಗುಟ್ಟು ಅನುಕರಣ ಶಬ್ದವನ್ನು ಕ್ರಿಯೆ ಮಾಡುವ ಬಾಲ ಎಂದು ತಿಳಿದರೆ ಅರ್ಧ ಕೆಲಸ ಮುಗಿಯಿತು.

ಎಲ್ಲ ನಿಘಂಟುಗಳೂ ಸೋಲುವುದು ಜೀವಂತ ಆಡುಮಾತಿನ ಮುಂದೆ. "ಅವನ ಪುರಾಣ ಶುರುವಾಯ್ತು", "ನಿನ್ನ ರಾಮಾಯಣ ಸಾಕು", "ಹರಿಕಥೆ ಮಾಡಬೇಡ" ಎಂಬಲ್ಲಿ ಪವಿತ್ರ ಗ್ರಂಥ, ಕಲೆಗಳ ಹೆಸರುಗಳು ಉದ್ದ ಮಾತಿಗೆ ನಿಂತಿವೆ. ಕಾರಣವನ್ನು ಆ ಪ್ರಕಾರಗಳ ಕಟ್ಟಿನಲ್ಲೇ ಕಾಣಬಹುದು: ಪುರಾಣದಲ್ಲಿ ಕತೆಯೊಳಗೆ ಕತೆ, ಹರಿಕಥೆಯಲ್ಲಿ ಮುಖ್ಯ ಪ್ರಸಂಗ ನಿಲ್ಲಿಸಿ ಉಪಕತೆ. ಬೆಂಗಳೂರು, ಮೈಸೂರಿನ ಕಾಲೇಜುಗಳಲ್ಲಿ ತಲೆ ತಿನ್ನುವವನಿಗೆ ಬೈರಿಗೆ ಎನ್ನುವುದುಂಟು, ಅದು ಬಡಗಿ ಮರಕ್ಕೆ ತೂತು ಕೊರೆಯುವ ಸಾಧನ. ಕೊರೆತದಿಂದ ಬೈರಿಗೆಗೆ ಬಂದ ದಾರಿ ನೇರ. 1894ರ ಕಿಟ್ಟೆಲ್‌ನಲ್ಲಿ ಇಂಥ ಅರ್ಥ ಇರಲು ಸಾಧ್ಯವಿಲ್ಲ, ಪರಿಷತ್ತಿನ ನಿಘಂಟಿನ ಒಲವು ಗ್ರಂಥಸ್ಥ ಪ್ರಯೋಗದ ಕಡೆಗೆ. ಪಟ್ಟಾಂಗದಂಥ ಪ್ರಾಂತದ ಪದಗಳಿಗೆ ಆಯಾ ಪ್ರಾಂತದ ಕೋಶಗಳನ್ನೂ ತುಳು ನಿಘಂಟನ್ನೂ ತೆರೆಯಬೇಕು. ಹೊಸ ಬಳಕೆಯನ್ನು ಕೇಳಿದಾಗ ಪದ, ಪೂರ್ತಿ ವಾಕ್ಯ, ಊರು, ತಿಂಗಳು ವರ್ಷ, ಈ ನಾಲ್ಕನ್ನು ಬರೆದಿಡಿ. ಮುಂದಿನ ನಿಘಂಟುಕಾರರಿಗೆ ಬೇಕಾಗುವ ಸಾಕ್ಷಿ ಅದೇ.

ಕೊಳ್ಳುವವರಿಗೆ ಸಲಹೆ. ಒಂದೇ ಗ್ರಂಥಕ್ಕೆ ಹಣವಿದ್ದರೆ ಕಿಟ್ಟೆಲ್‌ನ ಮರುಮುದ್ರಣ. ಜಾಗವೂ ಹಣವೂ ಇದ್ದರೆ ಪರಿಷತ್ತಿನ 8 ಸಂಪುಟ. ಬೆಂಗಳೂರಿನ ಚಾಮರಾಜಪೇಟೆಯ ಪರಿಷತ್ತಿನ ಮಳಿಗೆಯಲ್ಲಿ ವಿಚಾರಿಸಿ. ಹಳೆಯ ಪುಸ್ತಕದಂಗಡಿಯಲ್ಲಿ ಸೆಟ್ ಸಿಕ್ಕರೆ 8 ಸಂಪುಟವೂ ಇವೆಯೇ, ಕೊನೆಯದು ಇದೆಯೇ ಎಂದು ಮೊದಲು ನೋಡಿ, ಏಕೆಂದರೆ ಇಪ್ಪತ್ತೈದು ವರ್ಷಗಳ ಅಂತರದಲ್ಲಿ ಬಂದ ಸಂಪುಟಗಳು, ಕೊನೆಯದನ್ನು ಕೊಳ್ಳದೇ ಬಿಟ್ಟವರ ಸೆಟ್ ಸಿಗುವುದುಂಟು, ಹಕಾರ ಪೂರ್ತಿ ಇರುವುದು ಅದರಲ್ಲೇ. ಕಿಟ್ಟೆಲ್ ನಿಘಂಟಿನ ಸ್ಕ್ಯಾನ್ ಇಂಟರ್‌ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿದೆ. ಹಳೆಯ ಕನ್ನಡ ಅಚ್ಚನ್ನು ಯಂತ್ರ ಸರಿಯಾಗಿ ಓದದ ಕಾರಣ ಪದ ಟೈಪಿಸಿ ಹುಡುಕಿದರೆ ಸಿಗುವುದಿಲ್ಲ. ಮುದ್ರಿತ ಪುಟಸಂಖ್ಯೆಗೂ ಸ್ಕ್ಯಾನಿನ ಪುಟಸಂಖ್ಯೆಗೂ ಇರುವ ವ್ಯತ್ಯಾಸವನ್ನು ಒಮ್ಮೆ ಲೆಕ್ಕ ಹಾಕಿಟ್ಟುಕೊಳ್ಳಿ. ಪ್ರತಿ ಅಕ್ಷರ ಶುರುವಾಗುವ ಪುಟಕ್ಕೆ ಗುರುತು ಹಾಕಿ, ಪಕಾರ ಮತ್ತು ಹಕಾರಕ್ಕೆ ಮೊದಲು.